ಕನಕರಾಯನ ಮೈ ತಣ್ಣಗಾಯಿತು

ದೇವದುರ್ಗ ಕಡೆಯ ಕನಕರಾಯ, ಹೆಂಡತಿ ದುರುಗಮ್ಮ ಪೋತ್ನಾಳದ ಹತ್ತಿರ ಕೊಯ್ಲಾದ ಗದ್ದೆಯಲ್ಲಿ ಗೊಬ್ಬರಕ್ಕಾಗಿ ಕುರಿಮಂದೆ ತರುಬಿ ನಿಲ್ಲಿಸಿದ್ದರು. ಕನಕರಾಯನ ಅಂಗಾಲಿಗೆ ಜಾಲಿ ಮುಳ್ಳು ನಟ್ಟಿತು. ಕುರಿಯ ಗೊರಸಿಗೆ ಹಚ್ಚುವ ಔಷಧವನ್ನೇ ತನ್ನ ಗಾಯಕ್ಕೂ ಹಚ್ಚಿಕೊಂಡ. ಕಾಲು ಬಾತು ಜ್ವರ ಬಂತು. ಕುರಿ ಬಿಟ್ಟು ದವಾಖಾನೆಗೆ ಹೋಗಲಿಲ್ಲ. ಒಂದು ಬೆಳಿಗ್ಗೆ ಮೈ ತಣ್ಣಗಾಗಿತ್ತು. ಜ್ವರ ಬಿಟ್ಟಿತೆಂದು ದುರುಗಮ್ಮ ಗಂಜಿ ಕಾಯಿಸಿದಳು. ಕುಡಿಯಲು ಅವನು ಏಳಲಿಲ್ಲ. ಏದುಸಿರು ಬಿಡುತ್ತಿದ್ದ, ಮಾತು ತೊದಲುತ್ತಿತ್ತು. ಗದ್ದೆಯವರು ಜೀಪಿನಲ್ಲಿ ರಾಯಚೂರಿನ ಆಸ್ಪತ್ರೆಗೆ ತಂದು ಸೇರಿಸಿ ಹೋದರು.

ಈಗ ಅವನು ಐಸಿಯು ಒಳಗೆ, ಅವಳು ಹೊರಗೆ. ಬಿದ್ದಿದ್ದ ಬಿಪಿ ಸರಿಯಾಗಿದೆ, ಆದರೂ ಅವನನ್ನು ಮುಟ್ಟಬಾರದು ಎಂದು ನರ್ಸ್ ಹೇಳಿದ್ದಳು. ಅಲ್ಲಿ ಕಾಯುವವರಿಗೆಲ್ಲ ಜೊತೆಗೆ ಯಾರಾದರೂ ಇದ್ದರು. ದುರುಗಮ್ಮನ ಪಕ್ಕದಲ್ಲಿ ಕಂಬಳಿ ಇತ್ತು.

ಮೈದುನ ಹನುಮೇಶ ಫೋನ್ ಮಾಡಿದ. "ಅತ್ತಿಗಿ, ಬಿಪಿ ಸರಿ ಆಗ್ಯಾದ ಅಂದಿಯಲ್ಲ? ಕರ್ಕೊಂಡು ಬಾ. ಕುರಿ ಕಾಯಾಕ ನಾನೊಬ್ಬನೇ ಇದ್ದೀನಿ."

ದುರುಗಮ್ಮ ಚೀಲದಿಂದ ದೇವರ ಅರಿಶಿನ ಭಂಡಾರ ತೆಗೆದು ಬಾಗಿಲಿಗೆ ಹೋದಳು. ನರ್ಸ್ ಸುಮಂಗಲಾ ತಡೆದಳು.

"ಬಿಡ್ರಿ ಸಿಸ್ಟರ್, ಹಣಿಗೆ ಹಚ್ಚಿ ಕರ್ಕೊಂಡು ಹೋಗ್ತೀನಿ. ಬಿಪಿ ಬಂದದ ಅಂತೀರಿ, ಮುಟ್ಟಬ್ಯಾಡ ಅಂತೀರಿ. ಯಾವುದು ಖರೇ?"

"ಎರಡೂ ಖರೇ ಯವ್ವಾ. ನಿಮ್ಮ ನಾಯಿ ತೋಳ ಬಂದಾಗ ಸಿಟ್ಟಿಗೆದ್ದು ಕುರಿನೂ ಕಚ್ಚಿದ್ರ ಏನು ಮಾಡ್ತೀರಿ?"

"ನಮ್ಮ ಮನಿಯವರು ಸೀಟಿ ಹೊಡದು ತಡೀತಾರ."

"ರಕ್ತದಾಗೂ ಅಂಥ ಕಾವಲು ಕಣ ಅದಾವ. ಸೋಂಕು ಮೈತುಂಬ ಹಬ್ಬಿದ್ರ ಮೈನೇ ಕಚ್ಚಾಕತ್ತಾವ. ಬಿಪಿ ಬೀಳ್ತದ, ಕೈಕಾಲು ತಣ್ಣಗಾಗ್ತಾವ. ಅದೇ ಶಾಕ್. ಅವನ್ನ ತಡಿಯೋ ಕಣನೂ ಅದಾವ, ನಿಯಂತ್ರಕ ಕಣ ಅಂತಾರ. ಅವು ಬೇಕೇ ಬೇಕು. ಆದ್ರ ಇಂಥ ರೋಗಿಗಳಾಗ ಎಷ್ಟೋ ಸಲ ಅವು ಅತಿ ಆಗ್ತಾವ. ಸೀಟಿ ನಿಲ್ಲಂಗೇ ಇಲ್ಲ ಅನ್ಕೊಳ್ರಿ."

ದುರುಗಮ್ಮ ಭಂಡಾರದ ಕೈ ಕೆಳಗಿಳಿಸಿದಳು. "ನಾಯಿ ಮಲಗಿಬಿಡ್ತಾವ. ಆಮ್ಯಾಲೆ ನರಿ ಬಂದ್ರೂ ಏಳಂಗಿಲ್ಲ."

"ಹೌದ್ರೀ. ಬಿಪಿ ಬಂದ್ರೂ ಈಗ ನಮ್ಮ ಕೈಯಾಗಿನ ಸಣ್ಣ ಸೋಂಕೂ ಅವರಿಗೆ ತೋಳನೇ."

"ಎಬ್ಬಿಸೋ ಔಷಧ ಇಲ್ಲೇನು?"

"ಇನ್ನೂ ಹುಡುಕಾಕತ್ತಾರ. ಅಲ್ಲಿತನಕ ನಾವೇ ಕಾಯಬೇಕು."

ದುರುಗಮ್ಮ ಭಂಡಾರವನ್ನು ತನ್ನ ಹಣೆಗೇ ಹಚ್ಚಿಕೊಂಡಳು. ಮೊಣಕೈವರೆಗೆ ಸೋಪು ಹಚ್ಚಿ ತೊಳೆದು, ಸುಮಂಗಲಾ ಕರೆದಾಗ ಒಳಗೆ ಹೋದಳು. ಮುಟ್ಟದೆ ನಿಂತು, "ನಾ ಬಂದೀನಿ" ಎಂದಳು. ಕನಕರಾಯ ಕಣ್ಣು ತೆರೆಯಲಿಲ್ಲ.

ಹೊರಗೆ ಬಂದು ಹನುಮೇಶನಿಗೆ ಫೋನ್ ಮಾಡಿದಳು. "ಡಾಕ್ಟರ್ ಬಿಡೋತನಕ ಬರಂಗಿಲ್ಲ ಲೇ. ಒಳಗಿನ ನಾಯಿ ಇನ್ನೂ ಎದ್ದಿಲ್ಲ."

"ಯಾವ ನಾಯಿ ಬೇ?"

ಅವಳು ಎಲ್ಲವನ್ನೂ ಬಿಡಿಸಿ ಹೇಳಿದಳು. ಹನುಮೇಶ, "ಆತು. ಅಲ್ಲೇ ಇರು. ಕುರಿ ನಾ ನೋಡ್ಕೊಳ್ತೀನಿ" ಎಂದ. ಫೋನ್ ಇಟ್ಟ ಮೇಲೆ ಅವಳ ಪಕ್ಕದಲ್ಲಿ ಮತ್ತೆ ಕಂಬಳಿಯಷ್ಟೇ ಇತ್ತು.

ಇದನ್ನು ಕೇಳುತ್ತಿರುವವರೇ, ಗಾಯ ಬಾತು ಜ್ವರ ಬಂದರೆ ಕೂಡಲೇ ಆಸ್ಪತ್ರೆಗೆ ಹೋಗಿ. ಜ್ವರದ ನಂತರ ಮೈ ತಣ್ಣಗಾಗಿ, ಏದುಸಿರು ಬಂದು, ಮಾತು ತೊದಲಿದರೆ ಅದು ಗುಣವಾದ ಲಕ್ಷಣವಲ್ಲ. 108ಕ್ಕೆ ಫೋನ್ ಮಾಡಿ. ಬಿಪಿ ಸರಿಯಾಯಿತೆಂದು ರೋಗಿಯನ್ನು ಬಿಡಿಸಿಕೊಂಡು ಹೋಗಬೇಡಿ. ಕೈ ತೊಳೆಯದೆ ಮುಟ್ಟಬೇಡಿ. ನಿಮ್ಮ ಊರಿನವರು ಐಸಿಯು ಮುಂದೆ ಒಬ್ಬರೇ ಕುಳಿತಿದ್ದರೆ ಹೋಗಿ ಪಕ್ಕದಲ್ಲಿ ಕುಳಿತುಕೊಳ್ಳಿ. ಒಳಗೆ ನುಗ್ಗಬೇಡಿ. ಹೊರಗೆ ಬೇಕಾದಷ್ಟು ಜಾಗವಿದೆ.