ತಪ್ಪು ಉತ್ತರದ ಕಸುಬು

ಸರಿ ಉತ್ತರ ಬರೆಯುವುದೇನು ಮಹಾ? ಪುಸ್ತಕ ತೆರೆದರೆ ಅಲ್ಲೇ ಬಿದ್ದಿರುತ್ತದೆ. ತಪ್ಪು ಉತ್ತರ ಬರೆಯುವುದಿದೆಯಲ್ಲ, ಅದಕ್ಕೆ ಕಸುಬು ಬೇಕು. ನೋಡಿದ ಕೂಡಲೇ ತಪ್ಪೆಂದು ಗೊತ್ತಾಗುವ ತಪ್ಪು ಯಾರಿಗೂ ಬೇಡ. ಓದಿದ ಮಗು 'ಹೌದಲ್ಲ, ಹೀಗೇ ಇರಬೇಕು' ಎಂದು ತಲೆಯಾಡಿಸಿ, ಪೆನ್ಸಿಲ್ ತೆಗೆದುಕೊಂಡು ಆ ಉತ್ತರದ ಮುಂದಿನ ಗುಂಡನ್ನೇ ಕಪ್ಪು ಮಾಡಬೇಕು. ಪರೀಕ್ಷಾ ಕಚೇರಿಯಲ್ಲಿ ಇಂಥ ತಪ್ಪಿಗೆ 'ಬಲೆ' ಎನ್ನುತ್ತಿದ್ದರು. ಬಲೆ ಹೆಣೆಯುವುದರಲ್ಲಿ 'ಯಾಕೆ ಟೀಚರ್'ಗೆ ಸಮನಾದವರು ಆ ಕಚೇರಿಯಲ್ಲಿ ಇನ್ನೊಬ್ಬರಿರಲಿಲ್ಲ.

ಯಾಕೆ ಟೀಚರ್ ಎನ್ನುವುದು ಮಕ್ಕಳು ಇಟ್ಟ ಹೆಸರು. ಹದಿನಾರು ವರ್ಷ ಶಾಲೆಯಲ್ಲಿ ವಿಜ್ಞಾನ ಕಲಿಸಿದಳು. ಉತ್ತರ ಸರಿ ಇದ್ದರೂ "ಯಾಕೆ?" ಅನ್ನುವವಳು, ತಪ್ಪಿದ್ದರೂ "ಯಾಕೆ?" ಅನ್ನುವವಳು. ಮಕ್ಕಳು ತಲೆ ಕೆರೆದುಕೊಂಡು, ಒಬ್ಬರಿಗೊಬ್ಬರು ಜಗಳವಾಡಿ, ಬೆಲ್ ಹೊಡೆದ ಮೇಲೂ ಬಾಗಿಲಲ್ಲಿ ನಿಂತು ವಾದ ಮಾಡುತ್ತಿದ್ದರು. ಆಮೇಲೆ ನಾಲ್ಕು ಗುಂಡಿನ ಪರೀಕ್ಷೆ ಬಂತು. ಎ, ಬಿ, ಸಿ, ಡಿ. ಒಂದನ್ನು ತುಂಬು, ಮುಂದೆ ಹೋಗು. ಹೆಡ್‌ಮಿಸ್ ಒಂದು ದಿನ ಕರೆದು ಹೇಳಿದರು: "ನಿಮ್ಮ 'ಯಾಕೆ'ಗೆ ಮಾರ್ಕ್ಸ್ ಇಲ್ಲ ಟೀಚರ್. ಗುಂಡು ತುಂಬೋದು ಕಲಿಸಿ." ಎರಡು ವರ್ಷ ಅದನ್ನೂ ಕಲಿಸಿದಳು. ಪೆನ್ಸಿಲ್ ಹೇಗೆ ಚೂಪು ಮಾಡಬೇಕು, ಗುಂಡಿನ ಗೆರೆ ದಾಟದ ಹಾಗೆ ಹೇಗೆ ತುಂಬಬೇಕು, ಗೊತ್ತಿಲ್ಲದಿದ್ದರೆ ಯಾವುದನ್ನು ಊಹಿಸಬೇಕು. ವಿಜ್ಞಾನದ ಟೀಚರ್ ಅಂತೆ, ವಿಜ್ಞಾನ!

ಕೊನೆಗೆ ಸಿಟ್ಟು ನೆತ್ತಿಗೇರಿ ಶಾಲೆ ಬಿಟ್ಟಳು. ಬಿಟ್ಟು ಹೋದದ್ದಾದರೂ ಎಲ್ಲಿಗೆ? ಆ ಪ್ರಶ್ನೆಪತ್ರಿಕೆ ತಯಾರಾಗುವ ಕಚೇರಿಗೇ. ಪರೀಕ್ಷೆ ಹೇಗೂ ತಪ್ಪದು, ಪ್ರಶ್ನೆಯನ್ನಾದರೂ ಬುದ್ಧಿ ಇರುವವರು ಬರೆಯಲಿ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮನುಷ್ಯರಿಗೆ ಸಮಾಧಾನ ಹುಡುಕಿಕೊಳ್ಳಲು ಎಷ್ಟು ಹೊತ್ತು ಬೇಕು!

ಅಲ್ಲಿ ಹೋಗಿ ನೋಡಿದರೆ ಅವಳ ಹದಿನಾರು ವರ್ಷಕ್ಕೆ ಚಿನ್ನದ ಬೆಲೆ. ಮಕ್ಕಳು ಎಲ್ಲಿ ಎಡವುತ್ತಾರೆ, ಯಾವ ದಾರಿ ಹಿಡಿದು ತಪ್ಪಿಗೆ ಬಂದು ಸೇರುತ್ತಾರೆ ಎನ್ನುವುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಪಾಠ ಮಾಡುವಾಗ ಮಕ್ಕಳ ತಪ್ಪುಗಳನ್ನೆಲ್ಲ ಒಂದು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಟ್ಟಿದ್ದಳು, ಮಾರನೆಯ ದಿನ ತಿದ್ದುವುದಕ್ಕೆಂದು. ಈಗ ಅದೇ ಪುಸ್ತಕದಿಂದ ಒಂದೊಂದೇ ತಪ್ಪು ತೆಗೆದು ಬಲೆ ಹೆಣೆದಳು. ಎರಡು ವರ್ಷದಲ್ಲಿ ಪುಸ್ತಕ ಬರಿದಾಯಿತು. ಹೊಸ ತಪ್ಪು ಬೇಕಲ್ಲ? ಅದಕ್ಕೆ ದೂರ ಹೋಗಬೇಕಾಗಲಿಲ್ಲ. ಮನೆಯಲ್ಲೇ ಲಾಯರಮ್ಮ ಇದ್ದಳು.

ಲಾಯರಮ್ಮ ಎಂದರೆ ಅವಳ ಒಬ್ಬಳೇ ಮಗಳು, ಆಗ ಒಂಬತ್ತು ವರ್ಷ. ಬಾಯಿ ಬಿಟ್ಟರೆ ವಾದ. ಚಂದ್ರ ನಮ್ಮ ಹಿಂದೆಯೇ ಯಾಕೆ ಬರುತ್ತಾನೆ, ಮೀನಿಗೆ ಬಾಯಾರಿಕೆ ಆಗುತ್ತದೆಯೇ, ಎಲ್ಲದಕ್ಕೂ ಅವಳ ಬಳಿ ಒಂದು ಉತ್ತರ, ಉತ್ತರಕ್ಕೊಂದು ಕಾರಣ. 'ಗೊತ್ತಿಲ್ಲ' ಎನ್ನುವ ಮಾತು ಆ ಹುಡುಗಿಯ ಬಾಯಲ್ಲಿ ಬಂದದ್ದೇ ಇಲ್ಲ. ಅಪ್ಪ ಫ್ರಿಜ್ ರಿಪೇರಿ ಮಾಡುವವನು. ಸಂಜೆ ಸ್ಪ್ಯಾನರ್ ಚೀಲ ಕೆಳಗಿಡುವುದರೊಳಗೆ ಅವನಿಗೂ ಎರಡು ಪ್ರಶ್ನೆ ಕಾದಿರುತ್ತಿದ್ದವು.

ಒಂದು ಸಂಜೆ ಲಾಯರಮ್ಮ ಕಂಬಳಿ ಎಳೆದುಕೊಂಡು ಅಡುಗೆಮನೆಗೆ ಬಂದಳು.

"ಅಮ್ಮಾ, ಐಸಿಗೆ ಕಂಬಳಿ ಹೊದಿಸಿದ್ರೆ ಏನಾಗುತ್ತೆ?"

"ನೀನೇ ಹೇಳು."

"ಬೇಗ ಕರಗುತ್ತೆ."

"ಯಾಕೆ?"

"ಬಿಸಿ ಮಾಡೋದೇ ಕಂಬಳಿ ಕೆಲ್ಸ ಅಲ್ವಾ? ಒಳಗಿರೋದು ನಾನೋ ಐಸೋ ಅಂತ ಅದಕ್ಕೇನ್ ಗೊತ್ತು? ಒಳಗೆ ಏನಿದ್ರೂ ಬಿಸಿ ಮಾಡುತ್ತೆ."

ಅಮ್ಮನ ಕಣ್ಣರಳಿತು. ಮಗಳನ್ನು ಬಾಚಿ ತಬ್ಬಿಕೊಂಡಳು. "ಎಂಥಾ ಮಾತು ಹೇಳ್ದೆ ನನ್ನ ಬಂಗಾರಿ! ಇನ್ನೊಂದ್ಸಲ ಹೇಳು, ಹಾಗೇ ಹೇಳು." ಒದ್ದೆ ಕೈ ಸೀರೆಗೆ ಒರೆಸಿಕೊಂಡು ನೀಲಿ ಪುಸ್ತಕ ತಂದು, ಒಂದು ಮಾತೂ ಬಿಡದ ಹಾಗೆ ಬರೆದುಕೊಂಡಳು. ತನ್ನ ಮಾತನ್ನು ಅಮ್ಮ ಬರೆದುಕೊಳ್ಳುವುದನ್ನು ನೋಡಿ ಮಗಳು ಉಬ್ಬಿಹೋದಳು. ಅಷ್ಟರಲ್ಲಿ ಒಲೆಯ ಮೇಲಿನ ಹಾಲು ಉಕ್ಕಿತು. ಅಮ್ಮ ಒಲೆಯ ಕಡೆ ಓಡಿದಳು, ಮಗಳು ಕಂಬಳಿ ಎಳೆದುಕೊಂಡು ಅಪ್ಪನ ಹತ್ತಿರ ಹೋದಳು. ಮಾತು ಅಲ್ಲಿಗೇ ನಿಂತಿತು.

ವಾರದೊಳಗೆ ಪ್ರಶ್ನೆ ತಯಾರಾಯಿತು. ಸಮನಾದ ಎರಡು ಮಂಜುಗಡ್ಡೆಗಳಲ್ಲಿ ಒಂದನ್ನು ದಪ್ಪ ಕಂಬಳಿಯಲ್ಲಿ ಸುತ್ತಿದೆ, ಇನ್ನೊಂದನ್ನು ಹಾಗೇ ಇಟ್ಟಿದೆ. ಯಾವುದು ಬೇಗ ಕರಗುತ್ತದೆ? ಸರಿ ಉತ್ತರ ಬಿ: ಸುತ್ತದೇ ಇಟ್ಟದ್ದು, ಏಕೆಂದರೆ ಹೊರಗಿನ ಬಿಸಿ ಒಳಗೆ ಹೋಗದಂತೆ ಕಂಬಳಿ ತಡೆಯುತ್ತದೆ. ಎ, ಡಿ ಸುಮ್ಮನೆ ಲೆಕ್ಕಕ್ಕೆ. ಬಲೆ ಇದ್ದದ್ದು ಸಿ ಯಲ್ಲಿ: ಸುತ್ತಿದ್ದು, ಏಕೆಂದರೆ ಒಳಗೆ ಏನಿದ್ದರೂ ಕಂಬಳಿ ಬಿಸಿ ಮಾಡುತ್ತದೆ. ಪ್ರಶ್ನೆ ಕಚೇರಿಯ ಸಂಗ್ರಹಕ್ಕೆ ಹೋಯಿತು. ಅಲ್ಲಿ ಸಾವಿರಾರು ಪ್ರಶ್ನೆಗಳು ವರ್ಷಗಟ್ಟಲೆ ಮಲಗಿರುತ್ತವೆ. ಯಾವುದು ಯಾವ ವರ್ಷ ಎದ್ದು ಬರುತ್ತದೆ ಎಂದು ಬರೆದವರಿಗೂ ತಿಳಿಯುವುದಿಲ್ಲ. ಪ್ರಶ್ನೆಯ ವಿಷಯ ಮನೆಯಲ್ಲಿ ಬಾಯಿ ಬಿಡಬಾರದು, ಬಿಟ್ಟರೆ ಕೆಲಸವೂ ಹೋಯಿತು, ಮನೆಯ ಮಗುವಿನ ಪರೀಕ್ಷೆಯೂ ರದ್ದು ಎಂದು ಸಹಿ ಹಾಕಿಸಿಕೊಂಡಿದ್ದರು. ಕಂಬಳಿ ಮಾತು ಆಮೇಲೆ ಮನೆಯಲ್ಲಿ ಬರಲೇ ಇಲ್ಲ. ಅವಳಿಗೂ ಮರೆತೇಹೋಗಿತ್ತು.

ಮೂರು ವರ್ಷ ಕಳೆಯಿತು. ಹನ್ನೆರಡು ತುಂಬಿದ ಮಕ್ಕಳಿಗೆಲ್ಲ ಒಂದೇ ಪರೀಕ್ಷೆ, ಒಂದೇ ಸಲ. ಎಪ್ಪತ್ತೆರಡು ಅಂಕ ಬಂದವರಿಗೆ ಪ್ರಯೋಗಶಾಲೆ ಇರುವ ಮೇಲಿನ ಶಾಲೆ. ಬಾರದವರಿಗೆ ಕೆಳಗಿನ ಶಾಲೆ, ಅಲ್ಲಿ ವಿಜ್ಞಾನದ ಬಾಗಿಲು ಮುಚ್ಚಿದ ಹಾಗೇ. ಲಾಯರಮ್ಮ ಮೇಲಿನ ಶಾಲೆಯ ಕಿಟಕಿಯಿಂದ ಎರಡು ಸಲ ಇಣುಕಿ ನೋಡಿ ಬಂದಿದ್ದಳು. ಗಾಜಿನ ಕೊಳವೆಗಳು, ಕಲ್ಲಿನ ಮೇಜು, ಮೇಜಿಗೊಂದು ನಲ್ಲಿ. "ಅಲ್ಲಿ ಯಾರೂ ಸುಮ್ನೆ ಹೇಳಲ್ಲಮ್ಮ, ಮಾಡಿ ನೋಡ್ತಾರೆ" ಎಂದು ಬಂದು ಹೇಳಿದ್ದಳು. ಆ ಹುಡುಗಿಗೆ ಬೇಕಾಗಿದ್ದದ್ದು ಅದೊಂದೇ.

ಫಲಿತಾಂಶ ಬಂದ ದಿನ ಅಪ್ಪನ ಮೊಬೈಲಿನಲ್ಲಿ ಮೂವರೂ ತಲೆ ತೂರಿಸಿ ನೋಡಿದರು. ಎಪ್ಪತ್ತೊಂದು.

ಅಪ್ಪ ಮೊಬೈಲನ್ನು ಒಮ್ಮೆ ಆರಿಸಿ ಮತ್ತೆ ಹಾಕಿ ನೋಡಿದ, ಅಂಕಿ ಬದಲಾಗುತ್ತದೆಯೋ ಎನ್ನುವಂತೆ. ಲಾಯರಮ್ಮ ಒಳಗೆ ಹೋಗಿ ಪ್ರಶ್ನೆಪತ್ರಿಕೆ ತಂದಳು. ತಾನು ತುಂಬಿದ್ದನ್ನೆಲ್ಲ ಅದರಲ್ಲಿ ಗುರುತು ಹಾಕಿಕೊಂಡು ಬಂದಿದ್ದಳು. ಸರಿ ಉತ್ತರಗಳ ಪಟ್ಟಿಯನ್ನು ಪಕ್ಕದಲ್ಲಿಟ್ಟು ಒಂದೊಂದೇ ನೋಡುತ್ತ ಹೋದಳು. ಮೂವತ್ತನಾಲ್ಕಕ್ಕೆ ಬಂದು ಬೆರಳು ನಿಂತಿತು.

ಅಮ್ಮ ಬಗ್ಗಿ ನೋಡಿದಳು. ಕಂಬಳಿ. ಮಂಜುಗಡ್ಡೆ. ಸಿ ಯ ಮುಂದೆ ಪುಟ್ಟ ಗುರುತು.

"ಬೇರೆ ಎಲ್ಲ ಹೋಗ್ಲಿ, ಇದು ಮಾತ್ರ ಸರಿ ಅಂತ ನಂಗೆ ಖಾತ್ರಿ ಇತ್ತಮ್ಮ" ಎಂದಳು ಮಗಳು. "ಬಿ ಓದ್ದಾಗ ಒಂದ್ಸಲ ಅನುಮಾನ ಬಂತು. ಇದೇ ಇರ್ಬೋದೇನೋ ಅನ್ನಿಸ್ತು. ಆಮೇಲೆ ಸಿ ಓದಿದೆ. ನಾನು ಹೇಳಿದ್ ಮಾತೇ ಅಲ್ಲಿ ಅಚ್ಚಾಗಿತ್ತು. ನೀನು ಎಷ್ಟ್ ಖುಷಿಪಟ್ಟು ಬರ್ಕೊಂಡಿದ್ದೆ ಅವತ್ತು. ತಪ್ಪಾಗಿದ್ರೆ ಅಮ್ಮ ಅವತ್ತೇ ಹೇಳ್ತಿದ್ಲು ಅಂದ್ಕೊಂಡೆ."

ಮನೆಯೇ ಮೊದಲ ಪಾಠಶಾಲೆ, ತಾಯಿಯೇ ಮೊದಲ ಗುರು ಎಂದು ಅಮ್ಮ ಹಿಂದೆ ಕಲಿಸುತ್ತಿದ್ದ ಶಾಲೆಯ ಗೋಡೆಯ ಮೇಲೆ ದೊಡ್ಡಕ್ಷರದಲ್ಲಿ ಬರೆದಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು, ಅದೂ ಒಂದೇ ಒಂದು ಗಿಡವಿದ್ದ ಹೊಲ.

ಮಾರನೆಯ ದಿನ ಕಚೇರಿಗೆ ಹೋದವಳು ನೇರವಾಗಿ ಸಾಹೇಬರ ಕೋಣೆಗೆ ನಡೆದಳು. ಗೋಡೆಯುದ್ದಕ್ಕೂ ಉತ್ತರಪತ್ರಿಕೆಗಳ ರಟ್ಟಿನ ಡಬ್ಬಗಳು. ಪಕ್ಕದ ಕೋಣೆಯಲ್ಲಿ ಗುಂಡು ಓದುವ ಯಂತ್ರ ಹಾಳೆ ನುಂಗಿ ಹಾಳೆ ಉಗುಳುತ್ತಿತ್ತು. ಸಾಹೇಬರು ಅವಳನ್ನು ಕಂಡು ಎದ್ದೇ ನಿಂತರು.

"ಬನ್ನಿ ಬನ್ನಿ! ನಾನೇ ಕರೆಸ್ಬೇಕು ಅಂತಿದ್ದೆ. ಮೂವತ್ನಾಲ್ಕನೇ ಪ್ರಶ್ನೆ ನಿಮ್ದೇ ಅಲ್ವಾ? ನೂರಕ್ಕೆ ನಲವತ್ತಾರು ಮಕ್ಕಳು ಸಿ ಗೆ ಬಿದ್ದಿದಾರೆ. ನನ್ನ ಸರ್ವೀಸಲ್ಲೇ ಇಂಥ ಬಲೆ ನೋಡಿಲ್ಲ. ಎಲ್ಲಿಂದ ತರ್ತೀರಿ ಇಂಥ ತಪ್ಪು?"

"ಸರ್, ಆ ಪ್ರಶ್ನೆ ತೆಗೆದುಬಿಡಿ. ಎಲ್ಲರಿಗೂ ಒಂದು ಮಾರ್ಕ್ಸ್ ಕೊಟ್ಟುಬಿಡಿ."

"ಯಾಕೆ?"

ಹದಿನಾರು ವರ್ಷ ದಿನಕ್ಕೆ ನೂರು ಸಲ ಕೇಳಿದ ಪ್ರಶ್ನೆ. ಈಗ ಮೊದಲ ಸಲ ಅವಳ ಕಡೆ ತಿರುಗಿ ನಿಂತಿತ್ತು. ಹೇಳಿದರೆ ಪ್ರಶ್ನೆ ಮನೆಯಲ್ಲಿ ಬಯಲಾಗಿದೆ ಎನ್ನುತ್ತಾರೆ. ಮಗಳ ಎಪ್ಪತ್ತೊಂದೂ ರದ್ದು, ಹೆಸರಿನ ಮುಂದೆ ಕೆಂಪು ಗೆರೆ. ಸ್ವಂತ ಮಗುವಿಗೆ ತಪ್ಪು ಉತ್ತರವನ್ನು ಯಾವ ತಾಯಿ ಮೊದಲೇ ಹೇಳಿಕೊಡುತ್ತಾಳೆ ಎಂದು ಕೇಳಬಹುದಿತ್ತು. ಕೇಳಿದರೆ ಈ ಮನುಷ್ಯ ನಗುತ್ತಿದ್ದ. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ಸುಮ್ನೆ... ಮಕ್ಕಳಿಗೆ ಕಷ್ಟ ಆಯ್ತೇನೋ ಅಂತ" ಎಂದಳು.

"ಕಷ್ಟ ಆಗ್ಲಿ ಅಂತಾನೇ ಅಲ್ವಾ ನಾವಿರೋದು?" ಸಾಹೇಬರು ಗಹಗಹಿಸಿ ನಕ್ಕರು. "ನಿಮ್ ಮಗಳೂ ಈ ವರ್ಷ ಬರ್ದಿದ್ಲಲ್ಲ? ಅವಳು ಸರಿಯಾಗೇ ಬರ್ದಿರ್ತಾಳೆ ಬಿಡಿ. ಮುಂದಿನ ವರ್ಷಕ್ಕೆ ಇಂಥವೇ ಹತ್ತು ಬಲೆ ಬೇಕು ನಂಗೆ."

"ಆಯ್ತು ಸರ್" ಎಂದು ಹೊರಗೆ ಬಂದಳು. ಮಗಳ ಹೆಸರು ಕೆಡುತ್ತದೆಂದು ಬಾಯಿ ಮುಚ್ಚಿದಳು ಎನ್ನಬಹುದು. ಕೆಲಸ ಹೋಗುತ್ತದೆಂದು ಬಾಯಿ ಮುಚ್ಚಿದಳು ಎಂದೂ ಎನ್ನಬಹುದು. ಎರಡೂ ಸರಿ ಉತ್ತರವೇ. ಒಂದನ್ನೇ ತುಂಬು ಎಂದರೆ ಯಾವುದನ್ನು ತುಂಬುತ್ತಿದ್ದಳೋ, ಅವಳಿಗೇ ಗೊತ್ತಿರಲಿಲ್ಲ.

ಭಾನುವಾರ ಮಧ್ಯಾಹ್ನ ಗಂಡನಿಗೆ ಎಲ್ಲ ಹೇಳಿದಳು. ಅವನು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಇಪ್ಪತ್ತು ವರ್ಷದಿಂದ ಫ್ರಿಜ್ ಬಿಚ್ಚಿ ಜೋಡಿಸ್ತಿದೀನಿ. ಅದರ ಗೋಡೆ ಒಳಗೆ ತುಂಬಿರೋದೇನು? ಒಂಥರಾ ಕಂಬಳಿನೇ. ಐಸ್ ಸಾಗಿಸೋರು ಗೋಣಿತಾಟು ಸುತ್ತಿ ಸಾಗಿಸ್ತಾರೆ. ಅವಳು ಅವತ್ತು ನನ್ನ ಹತ್ರಾನೂ ಬಂದಿದ್ಲು. 'ಅಮ್ಮ ನನ್ನ ಮಾತು ಬರ್ಕೊಂಡ್ಲು' ಅಂದ್ಲು. ಟೀಚರಮ್ಮನೇ ಬರ್ಕೊಂಡಿದಾಳೆ ಅಂದ್ಮೇಲೆ ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ನಾದೆ."

ಎದ್ದು ಹೋಗಿ ಫ್ರೀಜರಿನ ಟ್ರೇಯಿಂದ ಎರಡು ಗಡ್ಡೆ ತೆಗೆದ. ಒಂದನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಂಬಳಿಯಲ್ಲಿ ಸುತ್ತಿದ, ಇನ್ನೊಂದನ್ನು ತಟ್ಟೆಯಲ್ಲಿಟ್ಟ. ಮಗಳನ್ನು ಕರೆದ. ಫ್ಯಾನು ತಿರುಗುತ್ತಿತ್ತು. ಮೂವರೂ ಮೇಜಿನ ಸುತ್ತ ಕುಳಿತು ಕಾದರು. ಒಂದು ಗಂಟೆಯಾಗುವಷ್ಟರಲ್ಲಿ ತಟ್ಟೆಯಲ್ಲಿ ನೀರೊಂದೇ ಉಳಿದಿತ್ತು. ಅಪ್ಪ ಕಂಬಳಿ ಬಿಚ್ಚಿದ. ಒಳಗಿನ ಗಡ್ಡೆ ಇನ್ನೂ ಗಟ್ಟಿಯಾಗಿತ್ತು, ಮೂಲೆಗಳಷ್ಟೇ ದುಂಡಗಾಗಿದ್ದವು.

ಮಗಳು ಅದನ್ನು ಬೆರಳಿನಿಂದ ಮುಟ್ಟಿ ನೋಡಿದಳು. ಬೇರೆ ದಿನವಾಗಿದ್ದರೆ ಕುಣಿದಾಡುತ್ತಿದ್ದಳು.

"ಇಷ್ಟೇನಾ?" ಎಂದಳು. "ಒಂದ್ ಗಂಟೆ ಸಾಕಾಗಿತ್ತಲ್ಲಮ್ಮ. ಅವತ್ತು ಯಾಕೆ ಹೇಳ್ಲಿಲ್ಲ?"

ಈ ಪ್ರಶ್ನೆಗೆ ಸುಳ್ಳು ಹೇಳಲು ಅವಳಿಂದಾಗಲಿಲ್ಲ. "ನಿನ್ನ ತಪ್ಪು ನಂಗೆ ಬೇಕಾಗಿತ್ತು ಕಣೇ" ಎಂದಳು. "ಕೆಲ್ಸಕ್ಕೆ ಬೇಕಾಗಿತ್ತು. ತಿದ್ದೋದು ಮರೆತೇಬಿಟ್ಟೆ."

ಮಗಳು ಅಳಲಿಲ್ಲ, ವಾದ ಮಾಡಲಿಲ್ಲ. ಸರಿ ಎನ್ನುವಂತೆ ತಲೆಯಾಡಿಸಿ, ತಟ್ಟೆಯ ನೀರನ್ನು ಬಚ್ಚಲಿಗೆ ಚೆಲ್ಲಿ, ತಟ್ಟೆ ತೊಳೆದಿಟ್ಟಳು.

ತಿಂಗಳು ಕಳೆದು ಲಾಯರಮ್ಮ ಕೆಳಗಿನ ಶಾಲೆಗೆ ಹೋಗತೊಡಗಿದಳು. ಅಮ್ಮ ಕಚೇರಿಗೆ ಹೋಗುತ್ತಲೇ ಇದ್ದಳು. ಹೋಗದೆ ಏನು ಮಾಡುತ್ತಾಳೆ? ಹತ್ತು ಬಲೆಗಳಲ್ಲಿ ಒಂಬತ್ತನ್ನು ಹೇಗೋ ಹೆಣೆದಳು, ಹತ್ತನೆಯದು ಹೊಳೆಯಲೇ ಇಲ್ಲ. ಒಂದು ಸಂಜೆ ಅಡುಗೆಮನೆಯ ಮೇಜಿನ ಎದುರು ಬದಿಯಲ್ಲಿ ಮಗಳು ಹೋಂವರ್ಕ್ ಮಾಡುತ್ತ ಕುಳಿತಿದ್ದಳು. ಇತ್ತೀಚೆಗೆ ಆ ಮೇಜಿನ ಬಳಿ ಸದ್ದೇ ಇರುತ್ತಿರಲಿಲ್ಲ. ಅಮ್ಮನಿಗೆ ತಡೆಯಲಾಗಲಿಲ್ಲ. ಕೆಲಸದ ಆಸೆಗೆ ಕೇಳಿದಳೋ, ಮಗಳ ದನಿ ಕೇಳುವ ಆಸೆಗೆ ಕೇಳಿದಳೋ, ಕೇಳಿಯೇಬಿಟ್ಟಳು.

"ಲಾಯರಮ್ಮ, ಕಬ್ಬಿಣದ ಚಿಲಕ ಮುಟ್ಟಿದ್ರೆ ತಣ್ಣಗಿರುತ್ತೆ, ಅದೇ ಬಾಗಿಲಿನ ಮರ ಮುಟ್ಟಿದ್ರೆ ಇಲ್ಲ. ಯಾಕೆ ಹೇಳು?"

ಮಗಳು ತಲೆ ಎತ್ತಿದಳು. ಅಮ್ಮನ ಮುಖ ನೋಡಲಿಲ್ಲ, ಕೈ ನೋಡಿದಳು.

"ಮೊದ್ಲು ಪೆನ್ಸಿಲ್ ಕೆಳಗಿಡಮ್ಮ."

ಅಮ್ಮ ಪೆನ್ಸಿಲ್ ಕೆಳಗಿಟ್ಟಳು. ನೀಲಿ ಪುಸ್ತಕವನ್ನೂ ಮುಚ್ಚಿ ಆಚೆ ಸರಿಸಿದಳು. ಮಗಳು ಅದನ್ನೆಲ್ಲ ನೋಡಿದಳು, ಸ್ವಲ್ಪ ಹೊತ್ತು ಬಾಗಿಲ ಚಿಲಕವನ್ನೂ ನೋಡಿದಳು. ಏನೋ ಹೇಳಲು ತುಟಿ ತೆರೆದಳು.

"ಗೊತ್ತಿಲ್ಲ" ಎಂದು ಮತ್ತೆ ಹೋಂವರ್ಕಿಗೆ ತಲೆ ತಗ್ಗಿಸಿದಳು.