ಒಂದು ಗೀರೂ ತಾಗಿಸದೆ

ಮೂರನೆಯ ಸಲವೂ ಅಕ್ಷರ ಮೂಡಲಿಲ್ಲ. ಮೂಡಿತು ಅನ್ನುವುದಾದರೆ, ಜ್ವರದಿಂದ ಎದ್ದವರ ದನಿಯಷ್ಟು ಮೂಡಿತು. ಹೆಂಡತಿ ಯಂತ್ರದ ಮುಚ್ಚಳ ತೆಗೆದು, ಪರೀಕ್ಷೆಗೆಂದು ಇಟ್ಟಿದ್ದ ತುಂಡು ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಕಪ್ಪಗೆ ಸುಟ್ಟು ಕೊರೆಯಬೇಕಾದ ಲೇಸರ್ ಕಿರಣ ಮರದ ಮೇಲೆ ಒಂದಿಷ್ಟು ಕಂದು ಸವರಿ ಸುಮ್ಮನಾಗಿತ್ತು.

"ನಿನ್ನೆ ಸಂಜೆ ಕತ್ತಿ ಹಾಗಿತ್ತು. ಬೆಳಗಾಗೋದ್ರೊಳಗೆ ಇದಕ್ಕೇನು ಬಡೀತು?" ಎಂದಳು.

ಬಾಗಿಲ ಬಳಿ ಪೊರಕೆ ಹಿಡಿದು ನಿಂತಿದ್ದ ಗಂಡ, ಆಗಲೇ ಗುಡಿಸಿದ್ದ ಮೂಲೆಯನ್ನು ಮತ್ತೆ ಗುಡಿಸಿದ.

ಬೀದಿಯವರೆಲ್ಲ ಡ್ರೈವರಣ್ಣ ಎಂದು ಕರೆಯುವ ಅವನು ನಿವೃತ್ತನಾಗಿ ಮೂರು ತಿಂಗಳು. ಮೂವತ್ತು ವರ್ಷ ಬಸ್ಸು ನಡೆಸಿದವನಿಗೆ ಭಗವಂತ ದಿಢೀರನೆ ಇಡೀ ದಿನವನ್ನೇ ದಯಪಾಲಿಸಿಬಿಟ್ಟಿದ್ದ. ಅದನ್ನು ಎಲ್ಲಿ ನಿಲ್ಲಿಸಬೇಕೆಂದು ಅವನಿಗೆ ತಿಳಿಯುತ್ತಿರಲಿಲ್ಲ. ಅಡುಗೆಮನೆಯ ಚಮಚಗಳನ್ನು ಉದ್ದದ ಪ್ರಕಾರ ಜೋಡಿಸಿದ. ಬಾಗಿಲುಗಳಿಗೆಲ್ಲ ಎಣ್ಣೆ ಬಿಟ್ಟು, ಯಾರು ಬಂದರೂ ಹೋದರೂ ಗೊತ್ತಾಗದ ಹಾಗೆ ಮಾಡಿದ. ಕೊನೆಗೆ ಹೆಂಡತಿಯೇ ಸೋತು, ಮನೆಯ ಮುಂದಿನ ಕೋಣೆಯಲ್ಲಿದ್ದ ತನ್ನ ಕೆತ್ತನೆ ಅಂಗಡಿಗೆ ಅವನನ್ನು ಸೇರಿಸಿಕೊಂಡಳು. "ಗುಡಿಸಿ, ಗಿರಾಕಿ ಬಂದ್ರೆ ಕೂರಿಸಿ. ಯಂತ್ರದ ಹತ್ರ ಮಾತ್ರ ಬರಬೇಡಿ" ಎಂಬುದು ಕರಾರು. ಮುರಿದರೆ ಮತ್ತೆ ಚಮಚಗಳ ಬಳಿಗೆ.

ಆ ಕರಾರನ್ನು ಅವನು ಇವತ್ತು ಬೆಳಿಗ್ಗೆ, ಅವಳು ಸ್ನಾನಕ್ಕೆ ಹೋಗಿದ್ದಾಗ ಮುರಿದಿದ್ದ. ಕೆಟ್ಟ ಮನಸ್ಸಿನಿಂದಲ್ಲ. ಯಂತ್ರದೊಳಗೆ ನಾಣ್ಯದಗಲದ ಮೂರು ಕನ್ನಡಿಗಳು, ಅವುಗಳಿಂದ ಪುಟಿದು ಬಂದ ಕಿರಣವನ್ನು ಸೂಜಿಮೊನೆ ಮಾಡುವ ಒಂದು ಹಳದಿ ಲೆನ್ಸು. ಕೊನೆಯ ಕನ್ನಡಿಯ ಮೇಲೆ ಹೊಗೆಯ ಮಸುಕು ಕಂಡಿತು. ಗಾಜಿನ ಮೇಲೆ ಮಸುಕು ಕಂಡರೆ ಅವನ ಕೈ ಅವನ ಮಾತು ಕೇಳುವುದಿಲ್ಲ. ಬಸ್ಸಿನ ಮುಂಗಾಜನ್ನು ಒಂದು ದಿನವೂ ಬೇರೆಯವರ ಕೈಗೆ ಕೊಡದೆ, ಹಳೆಯ ಪೇಪರು ಒದ್ದೆ ಮಾಡಿ ತಾನೇ ಉಜ್ಜಿದವನು. ಇದನ್ನೂ ಹಾಗೆಯೇ ಉಜ್ಜಿದ, ಗಟ್ಟಿಯಾಗಿ, ಸುತ್ತಲೂ. ಲೆನ್ಸನ್ನೂ ಬಿಚ್ಚಿ, ಹೆಬ್ಬೆರಳಲ್ಲಿ ಒತ್ತಿ ನೋಡಿ ಮತ್ತೆ ಕೂರಿಸಿದ. ಕನ್ನಡಿಯ ಹೊಂಬಣ್ಣದ ಲೇಪದ ಮೇಲೆ ಕೂದಲಿನಂಥ ಗೀರುಗಳು ಎದ್ದದ್ದನ್ನು ಕಂಡಾಗ ತಡವಾಗಿತ್ತು.

ಮೂರು ಗಂಟೆಗೆ ಡಿಪೋ ಮ್ಯಾನೇಜರು ಬರುವವರಿದ್ದರು. ಅಪಘಾತವಿಲ್ಲದೆ ಬಸ್ಸು ನಡೆಸಿದ ಇಪ್ಪತ್ತೆರಡು ಜನರ ಹೆಸರಿನ ಹಲಗೆ ಇವತ್ತೇ ಡಿಪೋದ ಗೋಡೆಗೆ ಏರಬೇಕು. ಕೆಲಸ ಹಿಡಿದು ತಂದವನು ಡ್ರೈವರಣ್ಣನೇ.

ಹೆಂಡತಿ ಮೆಕ್ಯಾನಿಕ್‌ಗೆ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದಳು.

"ಅಕ್ಕಾ, ಕನ್ನಡೀನ ಯಾರಾದ್ರೂ ಮುಟ್ಟಿದ್ರಾ?"

"ಇಲ್ಲಿ ಯಾರಪ್ಪಾ ಇದ್ದಾರೆ ಮುಟ್ಟೋರು? ನಾನು, ನಮ್ಮನೆಯವರು."

"ಯಜಮಾನ್ರು ಅಂಥೋರಲ್ಲ ಬಿಡಿ. ಹಲ್ಲಿಗಿಲ್ಲಿ ಹರಿದಾಡಿರ್ಬೇಕು."

ಡ್ರೈವರಣ್ಣನಿಗೆ ಹೋದ ಜೀವ ಬಂದಂತಾಯಿತು. "ಹಲ್ಲೀನೇ! ಬೆಳಿಗ್ಗೆ ನಾನೇ ಕಂಡೆ."

"ಎಷ್ಟು ದೊಡ್ಡದು?" ಹೆಂಡತಿ ತಿರುಗಿ ಕೇಳಿದಳು.

ಅವನು ಎರಡೂ ಕೈಯಲ್ಲಿ ತೋರಿಸಿದ. ಅಷ್ಟುದ್ದದ ಹಲ್ಲಿಯಾದರೆ ಯಂತ್ರವನ್ನೇ ಕಂಕುಳಲ್ಲಿ ಇರುಕಿಕೊಂಡು ಹೋಗುತ್ತಿತ್ತು.

"ಸರಿ" ಎಂದು ಅವಳು ಫೋನ್ ಇಟ್ಟಳು. ಲೆನ್ಸು ಬಿಚ್ಚಿ ಟಾರ್ಚಿನ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು. ಒಮ್ಮೆ ಅವನ ಮುಖವನ್ನೂ ನೋಡಿದಳು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು, "ಬನ್ನಿ, ಅಷ್ಟರಲ್ಲಿ ಇದನ್ನ ಓದಿ" ಎಂದಳು.

ಕೆತ್ತುವ ಮೊದಲು ಬರಹವನ್ನು ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸುವುದು ಅವಳ ಪದ್ಧತಿ. ಮರದ ಮೇಲೆ ಬಿದ್ದ ತಪ್ಪನ್ನು ಅಳಿಸಲಾಗದು. ಕಣ್ಣು ಹಾರಿಸಿಬಿಡುವ ಅಕ್ಷರವನ್ನು ನಾಲಿಗೆ ಎಡವಿ ಹಿಡಿಯುತ್ತದೆ ಎಂದು ಅವಳ ನಂಬಿಕೆ.

"ಮೂವತ್ತು ವರ್ಷ ಒಂದು ಗೀರೂ..." ಮುಂದಿನದನ್ನು ಬಾಯೊಳಗೇ ಗೊಣಗಿದ.

"ನುಂಗಬೇಡ್ರೀ. ಗಟ್ಟಿಯಾಗಿ."

"ಒಂದು ಗೀರೂ ತಾಗಿಸದೆ ಬಸ್ಸು ನಡೆಸಿದ ನಮ್ಮ ಚಾಲಕರು."

ಆಮೇಲೆ ಹೆಸರುಗಳು. ಬದುಕಿದ್ದವರದನ್ನು ಬೇಗ ಬೇಗ ಓದಿದ. ಹೋದವರದನ್ನು ನಿಧಾನವಾಗಿ, ಅವರು ಹತ್ತಿರದಲ್ಲೇ ಕೂತು ಕೇಳುತ್ತಿದ್ದಾರೆಂಬಂತೆ. ಹದಿನಾರು ಓದಿ ನಿಂತ. ಹದಿನೇಳನೆಯದು ಅವನದೇ.

"ಯಾಕೆ, ಅಕ್ಷರ ತಪ್ಪಿದೆಯಾ?"

"ಅಕ್ಷರ ಸರಿ ಇದೆ. ಮನುಷ್ಯ ಸರಿ ಇಲ್ಲ. ಈ ಸಾಲು ತೆಗೆದುಬಿಡು." ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ. "ಹಲ್ಲಿ ಇರಲಿಲ್ಲ. ನಾನೇ. ಪೇಪರು ಹಾಕಿ ಉಜ್ಜಿಬಿಟ್ಟೆ."

"ಗೊತ್ತು. ಹಲ್ಲಿಗೆ ಇಷ್ಟಗಲ ಹೆಬ್ಬೆಟ್ಟು ಇರಲ್ಲ."

ಅವಳು ಲೆನ್ಸನ್ನು ಓರೆಯಾಗಿ ಹಿಡಿದು ತೋರಿಸಿದಳು. ಹಳದಿ ಗಾಜಿನ ನಟ್ಟನಡುವೆ ಅವನ ಹೆಬ್ಬೆಟ್ಟು, ಯಾವುದೋ ಕಾಲದಲ್ಲಿ ಎಂಜಿನ್ ಮುಚ್ಚಳ ಕಚ್ಚಿದ ಗಾಯದ ಗೆರೆಯ ಸಮೇತ, ಮೊಹರು ಒತ್ತಿದ ಹಾಗೆ ಕೂತಿತ್ತು.

"ಗೊತ್ತಿದ್ದೂ ಇಷ್ಟೊತ್ತು ಓದಿಸಿದೆಯಾ?"

"ಓದಿಸದೆ ಕೆತ್ತೋಕಾಗುತ್ತಾ? ಇನ್ನೂ ಆರು ಬಾಕಿ ಇದೆ, ಅದನ್ನೂ ಓದಿ."

"ನನ್ನ ಹೆಸರು ಬೇಡ ಅಂದೆನಲ್ಲ."

"ಕನ್ನಡಿ ನಿಮ್ಮ ಬಸ್ಸಿಗೆ ಅಡ್ಡ ಬಂದಿತ್ತಾ? ಇಲ್ಲವಲ್ಲ. ಡಿಪೋದವರು ಕೊಟ್ಟ ಪಟ್ಟಿ, ಹೊಡೆದುಹಾಕೋಕೆ ನಾನ್ಯಾರು? ಓದಿ."

ಅವನು ತನ್ನದನ್ನು ಬಾಯೊಳಗೇ ಅಂದು, ಉಳಿದ ಐದನ್ನು ಗಟ್ಟಿಯಾಗಿ ಓದಿ ಮುಗಿಸಿದ. "ಇನ್ಮೇಲೆ ಈ ಕೋಣೆಗೆ ಕಾಲಿಡಲ್ಲ. ಚಮಚ ನೋಡ್ಕೊಂಡಿರ್ತೀನಿ" ಎಂದ.

ಅವಳು ಎದ್ದಳು. ಮೇಜಿನ ಖಾನೆಯಿಂದ ಹತ್ತಿ ಸುತ್ತಿಟ್ಟ ಹೆಚ್ಚುವರಿ ಕನ್ನಡಿ ತೆಗೆದು, ಗೀರು ಬಿದ್ದದ್ದರ ಜಾಗದಲ್ಲಿ ಕೂರಿಸಿದಳು. ಕಿರಣ ಸರಿಯಾದ ಜಾಗಕ್ಕೆ ಬೀಳುವವರೆಗೂ ತಿರುಪುಗಳನ್ನು ಎಳ್ಳಷ್ಟೆಳ್ಳಷ್ಟೇ ತಿರುಗಿಸಿದಳು. ಗಡಿಯಾರ ಹನ್ನೆರಡು ದಾಟಿತ್ತು. ಕೆತ್ತಲು ಎರಡು ಗಂಟೆ ಬೇಕು. ಯಂತ್ರ ಆರಿಸಿ, "ಹೋಗಿ, ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ" ಎಂದಳು.

ಊಟಕ್ಕೆ ಕರೆಯುತ್ತಿದ್ದಾಳೆಂದುಕೊಂಡು ಅವನು ತೊಳೆದು, ಒರೆಸಿಕೊಂಡು ಬಂದ. ಬಂದರೆ ಯಂತ್ರದ ಮುಂದೆ ಎರಡನೆಯ ಸ್ಟೂಲು. ಮೇಜಿನ ಮೇಲೆ ತೆಳುಗಾಗದ, ಅದರ ಮೇಲೆ ಲೆನ್ಸು.

"ಕೊಳೆ ಮಾಡಿದ್ದು ನೀವು, ನೀವೇ ಒರೆಸಿ."

"ನಾನಾ?"

"ಅಂಚು ಮಾತ್ರ ಹಿಡೀಬೇಕು. ಮೊದಲು ಈ ರಬ್ಬರ್ ಬುರುಡೆ ಹಿಚುಕಿ ಗಾಳಿ ಬಿಡಿ. ಬಾಯಲ್ಲಿ ಊದಬೇಡಿ! ಕಾಗದಕ್ಕೆ ಒಂದು ತೊಟ್ಟು ಸ್ಪಿರಿಟ್. ಗಾಜಿನ ಮೇಲೆ ಹಾಸಿ, ಒಂದೇ ಕಡೆಗೆ ಎಳೀಬೇಕು. ಒತ್ತಂಗಿಲ್ಲ, ಉಜ್ಜಂಗಿಲ್ಲ. ಒಂದು ಸಲ ಎಳೆದ ಕಾಗದ ಕಸಕ್ಕೆ."

"ಒತ್ತದೆ ಕೊಳೆ ಹೋಗುತ್ತಾ?"

"ಹೋಗುತ್ತೆ. ಅದು ಬಸ್ಸಲ್ಲ."

ಅವನು ಎಳೆದ. ಒಂದು ಕಾಗದ, ಎರಡು, ಮೂರು. ಪ್ರತಿ ಸಲವೂ ಹೆಬ್ಬೆಟ್ಟಿನ ಗೆರೆಗಳು ಒಂದಿಷ್ಟು ಕರಗಿ ಹೋದವು. ನಾಲ್ಕನೆಯದಕ್ಕೆ ಗಾಜು ಖಾಲಿಯಾಯಿತು. ಅದರ ಮೇಲೆ ತೆಳ್ಳನೆಯ ತೇವದ ಪೊರೆಯೊಂದು ಅಂಚಿನಿಂದ ನಡುವಿಗೆ ಸರಿಯತೊಡಗಿತು.

"ಆರೋತನಕ ಕಾಯಬೇಕು" ಎಂದು ಅವಳು ಮೆಲ್ಲಗೆ ಹೇಳಿದಳು. ಅವನು ಉಸಿರು ಹಿಡಿದು ಕೂತದ್ದು ಕಂಡು, "ಉಸಿರು ಬಿಡ್ರೀ" ಎಂದಳು.

ಅವನು ಬಿಡಲಿಲ್ಲ. ಸ್ಟೂಲಿನ ಮೇಲೆ ಅಲುಗಾಡದೆ ಕೂತು ನೋಡುತ್ತಿದ್ದ. ತೇವ ಸಾಸಿವೆಯಷ್ಟಾಯಿತು, ಚುಕ್ಕೆಯಾಯಿತು; ಆಮೇಲೆ ಅಲ್ಲಿ ಹಗಲ ಬೆಳಕಿನ ಹೊರತು ಏನೂ ಇರಲಿಲ್ಲ.