ಗುಡ್ಡಪ್ಪನ ಕಮ್ಮಿ ಲೆಕ್ಕ

ರಾಮಗಿರಿಯ ಗುಡ್ಡಪ್ಪನನ್ನು ಯಾರಾದರೂ "ಕುರಿ ಎಷ್ಟವೆ?" ಎಂದು ಕೇಳಿದರೆ, ಅವನ ಮಂದೆ ರಸ್ತೆ ತುಂಬ ಹರಡಿ ಬಸ್ಸಿನವನು ಹಾರನ್ ಬಡಿಯುತ್ತಿದ್ದರೂ, "ಅವೆ ಕಣಪ್ಪ, ನಾಕು ಮರಿ" ಎಂದುಬಿಡುತ್ತಿದ್ದ. ಸುಳ್ಳುಗಾರನಲ್ಲ, ಪಾಪ. ಕುರಿಯವರ ಮನೆಯಲ್ಲಿ ಹುಟ್ಟಿದವರು ಇದ್ದದ್ದನ್ನು ಇದ್ದಷ್ಟೇ ಹೇಳುವುದಿಲ್ಲ. ಹೇಳಿದರೆ ಕಣ್ಣು ಬೀಳುತ್ತದೆ, ಕಣ್ಣು ಬಿದ್ದರೆ ಬೆಳಗಾಗುವುದರೊಳಗೆ ರೊಪ್ಪದಲ್ಲಿ ಒಂದೆರಡು ಕುರಿ ಕಾಲು ಚಾಚಿರುತ್ತವೆ. ಇದು ಅವನಿಗೆ ಅಪ್ಪ ಹೇಳಿಕೊಟ್ಟ ಪಾಠ. ಅಪ್ಪನಿಗೆ ಅಜ್ಜ ಹೇಳಿಕೊಟ್ಟಿದ್ದ.

ಹೆಂಡತಿ ಮಲ್ಲಕ್ಕನ ಕೊನೇ ಕೀಮೋದ ದಿನ ಗುಡ್ಡಪ್ಪ ಬೆಳಿಗ್ಗೆ ಎದ್ದವನೇ ಕುಣಿಯುವುದೊಂದು ಬಾಕಿ. ಎದೆಯ ಗಡ್ಡೆ ತೆಗೆಸಿದ ಮೇಲೆ ಶುರುವಾಗಿದ್ದ ಈ ಪಾಡು ಹೋದ ವಾರವೇ ಮುಗಿಯಬೇಕಿತ್ತು. ರಕ್ತದಲ್ಲಿ ಬಿಳಿ ಕಣ ಸಾಲದು, ಚೆನ್ನಾಗಿ ಉಂಡು ಗಟ್ಟಿಯಾಗಿ ಬನ್ನಿ ಎಂದು ದುರ್ಗದ ಆಸ್ಪತ್ರೆಯ ಡಾಕ್ಟರಮ್ಮ ವಾಪಸ್ ಕಳಿಸಿದ್ದರು. ಆ ವಾರವಿಡೀ ಮನೆಮಂದಿ ಮಲ್ಲಕ್ಕನ ಬೆನ್ನು ಬಿಡಲಿಲ್ಲ. ಸೊಸೆ ನಾಗಶ್ರೀ ಮೊಟ್ಟೆ ಬೇಯಿಸಿದಳು, ಕಾಲು ಸೂಪು ಕಾಯಿಸಿದಳು, ಕೆಮ್ಮುತ್ತ ಬಂದ ನೆಂಟರನ್ನು ಮುಲಾಜಿಲ್ಲದೆ ಜಗಲಿಯಿಂದಲೇ ಸಾಗಹಾಕಿದಳು. ಮಗ ಹನುಮೇಶ್ ತನ್ನ ಆಟೋವನ್ನು ಮದುವೆ ಗಾಡಿಯ ಹಾಗೆ ತೊಳೆದಿಟ್ಟ. ಕುರಿ ಮುಟ್ಟಿದ ಕೈಯಲ್ಲಿ ಅವಳನ್ನು ಮುಟ್ಟಬೇಡಿ ಎಂದು ಡಾಕ್ಟರಮ್ಮ ಹೇಳಿದ್ದಕ್ಕೆ ಗುಡ್ಡಪ್ಪ ಹುಟ್ಟಿದಾಗಿನಿಂದ ಸವೆಸದಷ್ಟು ಸೋಪು ಒಂದೇ ವಾರದಲ್ಲಿ ಸವೆಸಿದ.

ಆಟೋ ಹತ್ತುವಾಗ ಮಲ್ಲಕ್ಕ ಬೋಳು ತಲೆಯ ಮೇಲೆ ಸೆರಗು ಎಳೆದುಕೊಂಡು, "ಇವತ್ತು ಹಾಕಿದ್ರೆ ಹಾಕ್ಲಿ. ಮತ್ತೆ ವಾಪಸ್ ಕಳಿಸಿದ್ರೆ ನಾನು ಇನ್ನೊಂದ್ ಸಲ ಆ ಕಡೆ ತಲೆ ಹಾಕಾಕಿಲ್ಲ. ದೇವ್ರು ಇಟ್ಟಂಗಾಗ್ಲಿ" ಎಂದಳು. ರಾಮಗಿರಿ ಬೆಟ್ಟ ಅಲ್ಲಾಡೀತು, ಮಲ್ಲಕ್ಕ ಒಮ್ಮೆ ಆಡಿದ ಮಾತಿನಿಂದ ಅಲ್ಲಾಡುವವಳಲ್ಲ. ಗುಡ್ಡಪ್ಪನಿಗೆ ಅದು ಚೆನ್ನಾಗಿ ಗೊತ್ತಿತ್ತು.

ಆಸ್ಪತ್ರೆಯಲ್ಲಿ ರಕ್ತ ತೆಗೆದರು. ಅತ್ತೆಯನ್ನು ತೂಕ ನೋಡಿಸಲು ನಾಗಶ್ರೀ ಒಳಗೆ ಕರೆದುಕೊಂಡು ಹೋಗಿದ್ದಳು, ಹನುಮೇಶ್ ಆಟೋ ನಿಲ್ಲಿಸಲು ಜಾಗ ಹುಡುಕುತ್ತಿದ್ದ. ಅಷ್ಟರಲ್ಲಿ ಡಾಕ್ಟರಮ್ಮ ರಿಪೋರ್ಟು ಹಿಡಿದು ಹೊರಗಿನ ಹಾಲಿಗೇ ಬಂದರು.

"ಬಿಳಿ ಕಣ ಏರಿದೆ. ಆದರೆ ಇನ್ನೂ ಗಡಿಯಲ್ಲೇ ಇದೆ. ಊಟ ಹೇಗೆ ಮಾಡ್ತಾರೆ?"

ಏರಿದೆ ಎಂದದ್ದೇ ತಡ, ಗುಡ್ಡಪ್ಪನ ಎದೆ ಜಿಗಿಯಿತು. ಸುತ್ತ ನೋಡಿದ. ಹಾಲಿನ ತುಂಬ ಜನ, ಎಲ್ಲರ ಕಣ್ಣೂ ಇವನ ಮೇಲೆ. ನಾಲಿಗೆ ತನ್ನ ಹಳೇ ದಾರಿ ಹಿಡಿಯಿತು.

"ಏನೋ ಮೇಡಂ, ಒಂದರ್ಧ ಮುದ್ದೆ."

"ಓಡಾಟ?"

"ಅಷ್ಟಕ್ಕಷ್ಟೆ. ಬಾಗ್ಲ ತಂಕ ಬಂದು ಹೋಗ್ತಾಳೆ."

ಹೆಂಡತಿಗೆ ಕಣ್ಣು ತಾಕದ ಹಾಗೆ ನೋಡಿಕೊಂಡೆ ಎಂದು ಒಳಗೊಳಗೇ ಬೀಗಿದ. ಡಾಕ್ಟರಮ್ಮ ರಿಪೋರ್ಟು ಮಡಚಿದರು.

"ಹಾಗಾದರೆ ಇವತ್ತು ಬೇಡ. ಇಷ್ಟು ನಿಶ್ಶಕ್ತಿಯಲ್ಲಿ ಕೊಟ್ಟರೆ ಕಷ್ಟ. ಎರಡು ವಾರ ಬಿಟ್ಟು ನೋಡೋಣ."

ಗುಡ್ಡಪ್ಪ ತಿರುಗಿದರೆ ಹಿಂದೆಯೇ ಮಲ್ಲಕ್ಕ ನಿಂತಿದ್ದಳು, ಪಕ್ಕದಲ್ಲಿ ನಾಗಶ್ರೀ. ಓಡಿಬಂದ ಹನುಮೇಶನೂ ಏದುಸಿರು ಬಿಡುತ್ತ ನಿಂತ.

"ಯಾರ್ರೀ ಅರ್ಧ ಮುದ್ದೆ ತಿಂದೋರು?" ಎಂದಳು ಮಲ್ಲಕ್ಕ. ಮರುಕ್ಷಣವೇ ಮಗನ ಕಡೆ ತಿರುಗಿ, "ಹನುಮೇಶ, ಗಾಡಿ ತಗಿಯಪ್ಪ. ಹೋಗಾಣ" ಎಂದು ಬಾಗಿಲ ಕಡೆ ನಡೆದಳು.

"ಮೇಡಂ, ಅತ್ತೆ ಚೆನ್ನಾಗಿ ಉಣ್ತಾರೆ, ನಮ್ ಮಾವ ಸುಮ್ನೆ ಹೇಳ್ತಾರೆ!" ನಾಗಶ್ರೀಯ ದನಿ ಅಳುವಿಗೆ ಬಂದಿತ್ತು.

"ಒಬ್ಬೊಬ್ಬರು ಒಂದೊಂದು ಹೇಳಿದರೆ ನಾನು ಯಾರನ್ನಮ್ಮಾ ನಂಬಲಿ? ಬೇಗ ಮುಗಿಯಲಿ ಅಂತ ಹೆಚ್ಚಿಗೆ ಹೇಳೋರನ್ನ ಕಂಡಿದ್ದೀನಿ. ಕಮ್ಮಿ ಹೇಳೋರನ್ನ ಕಂಡಿಲ್ಲ."

ಅತ್ತ ದರಿ, ಇತ್ತ ಪುಲಿ. ನಿಜ ಹೇಳಿದರೆ ಇಷ್ಟು ಕಣ್ಣುಗಳ ಮುಂದೆ ಅವಳನ್ನು ಬಿಚ್ಚಿಟ್ಟಂತೆ. ಹೇಳದಿದ್ದರೆ ಅವಳು ಆ ಬಾಗಿಲು ದಾಟುತ್ತಾಳೆ, ಮತ್ತೆ ಬರುವುದಿಲ್ಲ. ಗುಡ್ಡಪ್ಪನಿಗೆ ಹೆದರಿಕೆಯಾಯಿತು. ಆದರೂ ಬಾಯಿ ತೆರೆದ.

"ಮೇಡಂ, ನಾನಾಡಿದ್ದು ಸುಳ್ಳು! ಕಣ್ಣಾಗ್ತತೆ ಅಂತ ಕಮ್ಮಿ ಹೇಳ್ದೆ. ಹೊತ್ತಿಗೊಂದು ತುಂಬು ಮುದ್ದೆ ಉಣ್ತಾಳೆ! ಮ್ಯಾಲೆ ಮೊಟ್ಟೆ, ಸೂಪು. ಸೂಪಿನ ಬಟ್ಲು ತೊಳೆಯಾದೇ ಬ್ಯಾಡ, ಹಂಗೆ ನೆಕ್ಕಿಟ್ಟಿರ್ತಾಳೆ! ಬೆಳಿಗ್ಗೆ ಎದ್ದು ಬೆಟ್ಟದ ಬುಡದ ತಂಕ ಹೋಗಿ ಬರ್ತಾಳೆ, ಜೊತೆಗೆ ಹೋದ ನನಗೇ ಏದುಸ್ರು ಬರ್ತತೆ. ನಿನ್ನೆ ಟಗರು ತಪ್ಪಿಸ್ಕಂಡ್ತು ಅಂತ ನನ್ನ ಬೈದ್ಲು ನೋಡ್ರಿ, ಸ್ಟೇಷನ್ನಾಗೆ ನಿಂತಿದ್ದ ರೈಲಿನ ಜನ ಕಿಟಕಿಯಾಗೆ ಇಣುಕಿದ್ರು!"

ಹಾಲಿಗೆ ಹಾಲೇ ನಕ್ಕಿತು. ಗುಡ್ಡಪ್ಪ ಕಣ್ಣು ಮುಚ್ಚಿಕೊಂಡು ಏನು ಕಾದಿದೆಯೋ ಎಂದು ನಿಂತ. ಏನೂ ಆಗಲಿಲ್ಲ, ಮೇಲೆ ಫ್ಯಾನು ತನ್ನ ಪಾಡಿಗೆ ತಿರುಗುತ್ತಿತ್ತು. ಡಾಕ್ಟರಮ್ಮನೂ ನಗು ತಡೆದುಕೊಂಡು ಮಲ್ಲಕ್ಕನನ್ನು ಕರೆದರು, ಕಾರಿಡಾರಿನ ಆ ತುದಿಗೆ ಹೋಗಿ ಬನ್ನಿ ಎಂದರು. ಅವಳೋ ಗಂಡನ ಮೇಲಿನ ಸಿಟ್ಟಿಗೆ ದಡದಡ ನಡೆದು ಬಂದಳು. ಬಿ.ಪಿ. ನೋಡಿದರು, ನಾಲಿಗೆ ನೋಡಿದರು, ರಿಪೋರ್ಟನ್ನು ಮತ್ತೊಮ್ಮೆ ಓದಿದರು.

"ಸರಿ. ಇವತ್ತೇ ಹಾಕೋಣ."

ಹನುಮೇಶ್ ಮಂದೆ ಕರೆಯುವ ಸಿಳ್ಳೆಯನ್ನು ಅಲ್ಲೇ ಹೊಡೆದು ನರ್ಸಮ್ಮನಿಂದ ಬೈಸಿಕೊಂಡ. ನಾಗಶ್ರೀ ಅತ್ತೆಯನ್ನು ತಬ್ಬಿಕೊಂಡು ಅತ್ತಳು, ನಕ್ಕಳು. ಗುಡ್ಡಪ್ಪನಿಗೆ ಸಂತೋಷಕ್ಕೆ ಕೈಕಾಲು ಎಲ್ಲಿಡಬೇಕೆಂದೇ ತಿಳಿಯಲಿಲ್ಲ. ಇನ್ನೊಮ್ಮೆ ಸೋಪು ಹಚ್ಚಿ ಕೈ ತೊಳೆದು ಬಂದ.

ಡ್ರಿಪ್ಪು ಹನಿಯತೊಡಗಿದ ಮೇಲೆ ಮಲ್ಲಕ್ಕನ ಸಿಟ್ಟು ಇಳಿಯಿತು. ಮಂಚದ ಪಕ್ಕದಲ್ಲಿ ಕೂತ ಗಂಡನನ್ನು ನೋಡಿ, "ಅಷ್ಟು ಜನದ ಮುಂದೆ ಎಲ್ಲಾ ಹೇಳಿಬಿಟ್ರಲ್ಲ, ಹೆದ್ರಿಕೆ ಆಗ್ಲಿಲ್ವೇನ್ರಿ?" ಎಂದಳು.

"ಆತು. ಅದ್ಕೇ ಒಂದ್ ಮಾತು ಉಳಿಸ್ಕಂಡಿದೀನಿ."

"ಏನದು?"

ಗುಡ್ಡಪ್ಪ ಅವಳ ಕಿವಿಯ ಹತ್ತಿರ ಬಾಗಿದ.

"ಮೊನ್ನೆ ರಾತ್ರಿ ನೀನು ಗೊರಕೆ ಹೊಡೆದೆ ಕಣೆ. ಕಾಯಿಲೆ ಬಂದ್ ಮ್ಯಾಲೆ ಅದೇ ಮೊದ್ಲು. ಹೊಸ್ಲಾಗೆ ಕುಂತ್ಕಂಡು ಬೆಳಗಾಗಾ ತಂಕ ಕೇಳ್ದೆ."

ಮಲ್ಲಕ್ಕನ ಕಣ್ಣು ತುಂಬಿಕೊಂಡವು. ಸೂಜಿಯಿಲ್ಲದ ಕೈಯಲ್ಲಿ ಅವನ ಮೊಣಕೈ ತಿವಿದಳು.

"ಸುಮ್ಕಿರ್ರಿ. ಪಕ್ಕದ ಮಂಚದೋರು ಕೇಳಿಸ್ಕಂತಾರೆ."

"ಕೇಳಿಸ್ಕಳ್ಳಿ" ಎಂದ ಗುಡ್ಡಪ್ಪ. ಎದ್ದು ನಿಂತು ಅದನ್ನೇ ಇನ್ನೊಂದು ಸಲ, ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳಿದ.